ಹಿಮದ ಪದರ ಓದಿದವರು

ಕನ್ನಡದಲ್ಲಿ ‘ಹಿಮಪಾತ’ ಎಂಬ ಒಂದೇ ಪದ ಎರಡು ಸಂಗತಿಗಳಿಗೆ ದುಡಿಯುತ್ತದೆ. ಆಕಾಶದಿಂದ ಹಿಮ ಸುರಿಯುವುದು ಒಂದು. ಸುರಿದ ಹಿಮ ಬೆಟ್ಟದ ಮೈಯಿಂದ ಕಳಚಿ ಊರಿನ ಮೇಲೆ ಕುಸಿಯುವುದು ಇನ್ನೊಂದು. ಹಿಮ ಕಾಣದ ನಾಡಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಸ್ವಿಟ್ಜರ್ಲೆಂಡಿನ ಕಣಿವೆಗಳ ಜನರಿಗೆ ಅದು ಸಾವು ಬದುಕಿನ ವ್ಯತ್ಯಾಸ.

ಹಿಮ ಎಲ್ಲಿ ಕುಸಿಯುತ್ತದೆ ಎಂಬುದನ್ನು ಅವರು ಹಿಂದೆಯೇ ಅರಿತಿದ್ದರು. ಆಂಡರ್‌ಮಾಟ್ ಊರಿನ ನೆತ್ತಿಯ ಮೇಲಿರುವ ಕಾಡಿಗೆ ಕೊಡಲಿ ತಾಗಿಸಕೂಡದೆಂದು 1397ರಲ್ಲೇ ಕಟ್ಟಳೆ ಬರೆದಿಟ್ಟರು. ಕೊಡಗಿನ ದೇವರಕಾಡುಗಳನ್ನು ಭಕ್ತಿ ಕಾಯಿತು. ಈ ಕಾಡನ್ನು ಭಯ ಕಾಯಿತು. ಆದರೆ ಯಾವಾಗ ಕುಸಿಯುತ್ತದೆ ಎಂಬುದು ಮಾತ್ರ ದೇವರಿಗೆ ಬಿಟ್ಟ ವಿಷಯವಾಗಿಯೇ ಉಳಿದಿತ್ತು.

ಅದನ್ನು ತಿಳಿಯಲು 1936ರಲ್ಲಿ ದಾವೋಸ್ ಪಟ್ಟಣದ ಮೇಲಿನ ವೈಸ್‌ಫ್ಲೂಯೋಖ್ ಎಂಬಲ್ಲಿ, ಮರದ ಗುಡಿಸಲೊಂದರಲ್ಲಿ ವಿಜ್ಞಾನಿಗಳು ಬೀಡುಬಿಟ್ಟರು. ಅವರು ಮಾಡಿದ್ದು ಸರಳ ಕೆಲಸ: ಹಿಮದಲ್ಲಿ ಗುಂಡಿ ತೋಡಿ ಗೋಡೆಯನ್ನು ಪರೀಕ್ಷಿಸುವುದು. ಒಂದೊಂದು ಬಾರಿ ಸುರಿದ ಹಿಮವೂ ಅಲ್ಲಿ ಒಂದೊಂದು ಪದರವಾಗಿರುತ್ತದೆ. ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿದ್ದು ಮೇಲಿನ ಗಾಳಿ ಬಹಳ ತಣ್ಣಗಿದ್ದರೆ, ನೆಲದ ಬಿಸುಪಿಗೆ ಏಳುವ ಆವಿ ಕೆಳಪದರದ ಹರಳುಗಳನ್ನೇ ಬದಲಿಸುತ್ತದೆ. ಅವು ದಪ್ಪ ರವೆಯಂತೆ ಉದುರುದುರಾಗಿ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಗಾಳಿ ತಂದು ಒತ್ತಿದ ಹೊಸ ಹಿಮ ಚಪ್ಪಡಿಯಂತೆ ಕೂರುತ್ತದೆ. ಸುಮಾರು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಭಾರ ಸಾಕು, ಇಡೀ ಚಪ್ಪಡಿ ಬಿರುಕುಬಿಟ್ಟು ಜಾರುತ್ತದೆ. ನೋಡುವವನ ಕಣ್ಣಿಗೆ ಮೇಲಿನ ಬಿಳುಪು ಕಾಣುತ್ತದೆಯೇ ಹೊರತು ಅಡಿಯ ರವೆ ಕಾಣುವುದಿಲ್ಲ.

ತಿಳಿವಳಿಕೆ ಬಂದೊಡನೆ ಆಪತ್ತು ತಪ್ಪಲಿಲ್ಲ. 1950–51ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲೇ 98 ಮಂದಿ ಸತ್ತರು. ಜನವರಿ 20ರಂದು ವಾಲ್ಸ್ ಎಂಬ ಹಳ್ಳಿಯೊಂದರಲ್ಲೇ 19 ಜನ. ಆಂಡರ್‌ಮಾಟ್ ಕೂಡ ಪಾರಾಗಲಿಲ್ಲ. ಹಳೆಯ ಕಾಡು ಊರಿನ ಒಂದು ಮಗ್ಗುಲನ್ನಷ್ಟೇ ಕಾಯಬಲ್ಲದಾಗಿತ್ತು. ಆ ಬಳಿಕವೇ ಸರ್ಕಾರ ಹಣದ ಚೀಲ ಬಿಚ್ಚಿದ್ದು. ಇಳಿಜಾರುಗಳಿಗೆ ಉಕ್ಕಿನ ಬೇಲಿ ಬಂದವು. ಮನೆ ಕಟ್ಟಬಾರದ ಜಾಗಗಳನ್ನು ಗುರುತಿಸಿದ ನಕ್ಷೆಗಳೂ ಬಂದವು.

ಈ ಸಿದ್ಧತೆಗೆ ಪರೀಕ್ಷೆ ಎದುರಾದದ್ದು 1999ರ ಫೆಬ್ರವರಿಯಲ್ಲಿ. ಹಿಮ 1951ರಷ್ಟೇ ಭೀಕರವಾಗಿ ಸುರಿಯಿತು. ಬೆಟ್ಟಗಳಲ್ಲಿ ಜನ ಮಾತ್ರ ಹಿಂದಿಗಿಂತ ಎಷ್ಟೋ ಹೆಚ್ಚು. ಆದರೂ ಮನೆಗಳಲ್ಲಿ, ರಸ್ತೆಗಳಲ್ಲಿ ಸತ್ತವರು 17. ಅವರಲ್ಲಿ 12 ಮಂದಿ ಎವೊಲೆನ್ ಎಂಬ ಒಂದೇ ಊರಿನ ಕುಸಿತಕ್ಕೆ ಸಿಕ್ಕವರು. ಅಲ್ಲಿ ರಸ್ತೆ ಮುಚ್ಚಿಸದೆ, ಮನೆಗಳನ್ನು ತೆರವು ಮಾಡಿಸದೆ ಇದ್ದುದಕ್ಕಾಗಿ ಊರಿನ ಆಡಳಿತದ ಮುಖ್ಯಸ್ಥ ಮತ್ತು ಸುರಕ್ಷತೆಯ ಹೊಣೆ ಹೊತ್ತಿದ್ದವ, ಇಬ್ಬರನ್ನೂ ನ್ಯಾಯಾಲಯ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಅಪರಾಧಿಗಳೆಂದು ತೀರ್ಮಾನಿಸಿತು.