ಮೈಲುತುತ್ತ ಮತ್ತು ಕೀಮಿಯಾ: ನಮ್ಮ ತೋಟದ ಡ್ರಮ್ಮಿನಲ್ಲಿ ರಸಾಯನಶಾಸ್ತ್ರದ ಚರಿತ್ರೆ



ಮಳೆಗಾಲ ಹಿಡಿಯುವ ಮುಂಚೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳಿಗೆ ಹೋದರೆ ನೀಲಿ ದ್ರಾವಣ ತುಂಬಿದ ಡ್ರಮ್ಮುಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ತಯಾರಿ ಅದು. ನಮ್ಮ ಜಮಾಅತಿನವರಲ್ಲಿ ತೋಟ ಇರುವವರು ಕೆಲವರು, ಚೇಣಿ ಹಿಡಿಯುವವರು ಹಲವರು, ಕೂಲಿಗೆ ಹೋಗಿ ಔಷಧಿ ಹೊಡೆಯುವವರೂ ಇದ್ದಾರೆ. ಆ ಮನೆಗಳ ಮಕ್ಕಳು ಶಾಲೆಗೆ ಬಂದು ವಿಜ್ಞಾನದ ಪುಸ್ತಕ ತೆರೆದು "ದ್ರವ್ಯ ಎಂದರೇನು? ಭೌತ ಬದಲಾವಣೆ ಎಂದರೇನು? ರಾಸಾಯನಿಕ ಬದಲಾವಣೆ ಎಂದರೇನು?" ಎಂದು ಬಾಯಿಪಾಠ ಮಾಡುತ್ತಾರೆ. ತಂದೆಯ ಡ್ರಮ್ಮಿನಲ್ಲಿರುವುದೂ ಪುಸ್ತಕದಲ್ಲಿರುವುದೂ ಒಂದೇ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಈ ಲೇಖನದಲ್ಲಿ ಅದನ್ನು ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಪದದಿಂದ ಪ್ರಾರಂಭಿಸೋಣ. ಕನ್ನಡದಲ್ಲಿ ನಾವು ಮೈಲುತುತ್ತ ಎನ್ನುವುದನ್ನು ಉರ್ದುವಿನಲ್ಲಿ ನೀಲಾ ಥೋಥಾ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಅದರ ಹೆಸರು ತಾಮ್ರದ ಸಲ್ಫೇಟ್. ಹೆಸರು ಮೂರು, ವಸ್ತು ಒಂದೇ. ಇದರ ನೀಲಿ ಹರಳನ್ನು ಬಿಸಿ ಮಾಡಿದರೆ ಒಳಗಿರುವ ನೀರು ಹೊರಟು ಬಿಳಿ ಪುಡಿಯಾಗುತ್ತದೆ. 100 ಗ್ರಾಂ ಹರಳು ಸುಮಾರು 64 ಗ್ರಾಂಗೆ ಇಳಿಯುತ್ತದೆ. ನಾಲ್ಕು ಹನಿ ನೀರು ಹಾಕಿದರೆ ಮತ್ತೆ ನೀಲಿ! ಬಣ್ಣ ಹೋಗುವುದು, ಬರುವುದು, ತೂಕ ಇಳಿಯುವುದು, ಏರುವುದು, ಇವನ್ನೆಲ್ಲ ನೋಡಿ ಬೆರಗಾದ ಮನುಷ್ಯನೇ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದ್ದು.

ಆ ಬುನಾದಿಯಲ್ಲಿ ಮುಸ್ಲಿಂ ವಿದ್ವಾಂಸರ ಪಾಲು ದೊಡ್ಡದು. 8ನೇ ಶತಮಾನದ ಜಾಬಿರ್ ಇಬ್ನ್ ಹಯ್ಯಾನರ ಹೆಸರನ್ನು ನಮ್ಮ ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅವರ ಹೆಸರಿನಲ್ಲಿರುವ ಗ್ರಂಥಗಳೆಲ್ಲ ಒಬ್ಬರೇ ಬರೆದವಲ್ಲ, ಎಷ್ಟೋ ಗ್ರಂಥಗಳು ನಂತರದವರ ರಚನೆ ಎಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಆದರೂ ಆ ಪರಂಪರೆ ಸುಳ್ಳಲ್ಲ. ರೇ ನಗರದಲ್ಲಿ ಹುಟ್ಟಿ ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅಬೂಬಕರ್ ಮುಹಮ್ಮದ್ ಇಬ್ನ್ ಝಕರಿಯಾ ಅಲ್-ರಾಝಿ (ಸುಮಾರು 865–925) ಪದಾರ್ಥಗಳನ್ನು ಪ್ರಾಣಿಜನ್ಯ, ಸಸ್ಯಜನ್ಯ, ಖನಿಜ ಎಂದು ವಿಂಗಡಿಸಿದರು. ಖನಿಜಗಳನ್ನು ಮತ್ತೆ ಆರು ಗುಂಪು ಮಾಡಿದರು. ಮೈಲುತುತ್ತದಂಥವು 'ಝಾಜ್' ಎಂಬ ಗುಂಪಿಗೆ ಸೇರಿದವು. ಕಾಯಿಸಿದರೆ ಆವಿಯಾಗಿ ಹಾರುವ ಪಾದರಸ, ಗಂಧಕ, ನವಸಾಗರಗಳನ್ನು ಅವರು 'ಅರ್ವಾಹ್', ಅಂದರೆ ಚೇತನಗಳು ಎಂದು ಕರೆದರು. ಭಟ್ಟಿ ಇಳಿಸುವ ಪಾತ್ರೆ, ಕುಲುಮೆ, ಮೂಸೆ ಯಾವುದು ಯಾವುದಕ್ಕೆ ಬೇಕೆಂದು ಪಟ್ಟಿ ಮಾಡಿದರು. ಗುಣ ನೋಡಿ ವಸ್ತುಗಳನ್ನು ಬೇರ್ಪಡಿಸುವ ಈ ಕ್ರಮವನ್ನೇ ಇಂದು ನೀವು ಶಾಲೆಯಲ್ಲಿ ಕಲಿಯುತ್ತೀರಿ.

ನವಸಾಗರ ಎಂದೊಡನೆ ಹಿರಿಯರಿಗೆ ಕಲಾಯಿಯವರು ನೆನಪಾಗಬಹುದು. ತಿದಿ ಒತ್ತಿ ತಾಮ್ರದ ಹಂಡೆಯನ್ನು ಕಾಯಿಸಿ, ನವಸಾಗರದ ಪುಡಿ ಚೆಲ್ಲಿ, ತವರವನ್ನು ಬಟ್ಟೆಯಿಂದ ಸವರುತ್ತಿದ್ದರು. ಭುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ನವಸಾಗರ ಕಾದಾಗ ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಒಡೆಯುತ್ತದೆ. ಆ ಆಮ್ಲ ತಾಮ್ರದ ಮೇಲಿನ ಕಿಲುಬನ್ನು ತಿಂದು ಲೋಹವನ್ನು ಶುಚಿ ಮಾಡುತ್ತದೆ. ಇದು ರಾಸಾಯನಿಕ ಬದಲಾವಣೆ. 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ತವರ ಕರಗಿ, ಹರಡಿ, ತಣಿದು ಮತ್ತೆ ಗಟ್ಟಿಯಾಗುವುದು ಭೌತ ಬದಲಾವಣೆ. ಎರಡನ್ನೂ ಒಂದೇ ಕೈಯಲ್ಲಿ ಮಾಡುತ್ತಿದ್ದ ಆ ಕಸುಬುದಾರರಿಗೆ ನಾವು ಅನಕ್ಷರಸ್ಥರು ಎಂಬ ಹಣೆಪಟ್ಟಿ ಹಚ್ಚಿದೆವು.

ಇನ್ನು ಕೀಮಿಯಾ ಎಂಬ ಪದಕ್ಕೆ ಬರೋಣ. ಉರ್ದುವಿನಲ್ಲಿ ಇದಕ್ಕೆ ರಸಾಯನಶಾಸ್ತ್ರ ಎಂಬ ಅರ್ಥವೂ ಇದೆ, ಕೀಳು ಲೋಹವನ್ನು ಚಿನ್ನ ಮಾಡುವ ವಿದ್ಯೆ ಎಂಬ ಅರ್ಥವೂ ಇದೆ. ಆ ಎರಡನೆಯ ಆಸೆಗೆ ಮೈಲುತುತ್ತವೇ ಒಂದು ಕಾರಣ. ಅದರ ನೀರಿನಲ್ಲಿ ಕಬ್ಬಿಣದ ಚೂರಿ ಅದ್ದಿದರೆ ಸ್ವಲ್ಪ ಹೊತ್ತಿನಲ್ಲಿ ಚೂರಿಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ಕಬ್ಬಿಣವೇ ತಾಮ್ರವಾಯಿತು ಎಂದು ಹಿಂದಿನ ಕಾಲದಲ್ಲಿ ಹಲವರು ನಂಬಿದರು. ಕಬ್ಬಿಣ ತಾಮ್ರವಾಗುವುದಾದರೆ ತಾಮ್ರ ಚಿನ್ನವಾಗಬಾರದೇಕೆ?

ಈ ಮಾತನ್ನು ಒಪ್ಪದವರಲ್ಲಿ ಇಬ್ನ್ ಸೀನಾ (980–1037) ಪ್ರಮುಖರು. ಬಣ್ಣ ಹಚ್ಚಿ ಬೆಳ್ಳಿಯನ್ನು ಚಿನ್ನದಂತೆ ಕಾಣಿಸಬಹುದು, ಆದರೆ ಲೋಹದ ಮೂಲ ಸ್ವಭಾವ ಬದಲಾಗದು ಎಂದು ಅವರು ವಾದಿಸಿದರು. ಹಿರಿಯರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪದೆ ಪರೀಕ್ಷಿಸುವುದು ನಮ್ಮ ಪರಂಪರೆಯೊಳಗೇ ಇತ್ತು ಎಂಬುದನ್ನು ಗಮನಿಸಿ. ಮುಂದೆ ಫ್ರಾನ್ಸಿನ ಲೆವಾಸಿಯೇ ತಕ್ಕಡಿ ಹಿಡಿದು ತೂಗಿ, 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬದಲಾವಣೆಯ ಮೊದಲೂ ನಂತರವೂ ದ್ರವ್ಯದ ಒಟ್ಟು ತೂಕ ಒಂದೇ ಎಂಬ ನಿಯಮವನ್ನು ಸ್ಪಷ್ಟಪಡಿಸಿದರು. ಚೂರಿಯ ಗುಟ್ಟೂ ತೂಕದಿಂದಲೇ ತಿಳಿಯುತ್ತದೆ. ಸುಮಾರು 56 ಗ್ರಾಂ ಕಬ್ಬಿಣ ಕರಗಿ ನೀರಿಗೆ ಹೋದರೆ ಸುಮಾರು 63.5 ಗ್ರಾಂ ತಾಮ್ರ ಹೊರಬರುತ್ತದೆ. ಕಬ್ಬಿಣ ತಾಮ್ರವಾಗಲಿಲ್ಲ. ಅವೆರಡೂ ಜಾಗ ಅದಲುಬದಲು ಮಾಡಿಕೊಂಡವು, ಅಷ್ಟೇ.

ಈಗ ಇದೇ ಮೈಲುತುತ್ತ ನಮ್ಮ ತೋಟಕ್ಕೆ ಬಂದ ದಾರಿಯನ್ನು ನೋಡೋಣ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿ ಬಳ್ಳಿಗಳಿಗೆ ಬೂಜು ರೋಗ ಹರಡಿತ್ತು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣ ಎರಚಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲಿರಲಿಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲ್ಲಾರ್ಡೆ ಇದನ್ನು ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣ ಎಂಬ ಹೆಸರು ಬಂದದ್ದು ಹೀಗೆ.

ನಮ್ಮ ಕಡೆ ಆಗ ಕೊಳೆರೋಗಕ್ಕೆ ಇದ್ದ ಉಪಾಯವೆಂದರೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮಾಡುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿದರು. ಅದಕ್ಕೆ ಫೈಟಾಫ್ತೊರ ಎಂಬ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿದ ಅವರ ವರದಿ 1910ರಲ್ಲಿ ಮೈಸೂರು ಕೃಷಿ ಇಲಾಖೆಯಿಂದ ಪ್ರಕಟವಾಯಿತು. ಅವರು ಸೂಚಿಸಿದ ಮದ್ದು ಬೋರ್ಡೋ ದ್ರಾವಣ. ಕಾಫಿಯ ರೋಗಗಳ ಅಧ್ಯಯನಕ್ಕಾಗಿ 1915ರಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ಪ್ರಾರಂಭವಾದದ್ದು ನಮ್ಮ ಕೊಪ್ಪದಲ್ಲೇ. 1925ರಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ ಶಾಶ್ವತ ಕೇಂದ್ರವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಅದು. ವಿಜ್ಞಾನ ಎಲ್ಲೋ ದೂರದ ಊರಿನದು ಎನ್ನುವವರು ಈ ಎರಡು ಇಸವಿಗಳನ್ನು ನೆನಪಿನಲ್ಲಿಡಬೇಕು.

ವಿದ್ಯಾರ್ಥಿಗಳೇ, ಡ್ರಮ್ಮಿನಲ್ಲಿ ಏನು ನಡೆಯುತ್ತದೆ ನೋಡಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ನೀರನ್ನು ಎರಡು ಪಾಲು ಮಾಡಿ ಒಂದರಲ್ಲಿ ಮೈಲುತುತ್ತ ಕರಗಿಸುತ್ತಾರೆ. ನೀರು ಆರಿದರೆ ಹರಳು ಮತ್ತೆ ಸಿಗುತ್ತದೆ, ಆದ್ದರಿಂದ ಇದು ಭೌತ ಬದಲಾವಣೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕೊತಕೊತ ಕುದಿದು ಅರಳುತ್ತದೆ. ಅದು ಹೊಸ ವಸ್ತು, ರಾಸಾಯನಿಕ ಬದಲಾವಣೆ. ಅರಳಿದ ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿದಾಗ ಇನ್ನೊಂದು ರಾಸಾಯನಿಕ ಬದಲಾವಣೆ ನಡೆದು, ಲೋಳೆಯಂಥ ತಿಳಿನೀಲಿ ತಾಮ್ರದ ಸಂಯುಕ್ತ ಹುಟ್ಟುತ್ತದೆ. ಇದು ನೀರಿನಲ್ಲಿ ಸುಲಭವಾಗಿ ಕರಗದು. ಹಾಗಾಗಿಯೇ ಮಲೆನಾಡಿನ ಮಳೆಗೂ ಗೊನೆಗೆ ಅಂಟಿಕೊಂಡಿದ್ದು, ಸ್ವಲ್ಪ ಸ್ವಲ್ಪವೇ ತಾಮ್ರ ಬಿಟ್ಟು ರೋಗಾಣುವನ್ನು ಕೊಲ್ಲುತ್ತದೆ. ಬರೀ ಮೈಲುತುತ್ತ ಹೊಡೆದರೆ ಮಳೆಗೆ ತೊಳೆದು ಹೋಗುವುದಲ್ಲದೆ ಎಳೆ ಕಾಯಿ, ಸೋಗೆ ಸುಟ್ಟು ಹೋಗುತ್ತವೆ.

ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಅನುಭವಸ್ಥರು ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಅದ್ದುತ್ತಾರೆ. ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಬೇಕು. ಒಂದು ಕಾಲದಲ್ಲಿ ಚಿನ್ನದ ಆಸೆ ಹುಟ್ಟಿಸಿದ ಅದೇ ಚೂರಿ ಇಂದು ಬೆಳೆಯನ್ನು ಕಾಯುವ ಪರೀಕ್ಷೆಯಾಗಿದೆ! ಔಷಧಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಸುಣ್ಣ ಹಳತಾದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಿನ ಪುಡಿಯಾಗುತ್ತದೆ. ನೋಡಲು ಬಿಳಿಯೇ, ತಕ್ಕಡಿಗೆ 1 ಕಿಲೋವೇ, ಆದರೆ ಮೊದಲಿನ ಕೆಲಸ ಮಾಡದು. ಕಾರಣ ತಿಳಿಯದವನು ಅಳತೆ ಸರಿಯಾಗಿಯೇ ಹಾಕಿದೆನಲ್ಲ ಎನ್ನುತ್ತಾನೆ. ಅಷ್ಟರಲ್ಲಿ ಚೇಣಿಗೆ ಹಾಕಿದ ಸಾಲದ ಹಣ ಉದುರಿದ ಕಾಯಿಯೊಂದಿಗೆ ಮಣ್ಣುಪಾಲಾಗಿರುತ್ತದೆ. ದ್ರವ್ಯದ ಗುಣ ತಿಳಿದಿರುವುದು ಪರೀಕ್ಷೆಯ ಎರಡು ಅಂಕದ ವಿಷಯವಲ್ಲ, ಒಂದು ಮನೆಯ ವರ್ಷದ ಅನ್ನದ ವಿಷಯ.

ಮೈಲುತುತ್ತಕ್ಕೆ ಬಗ್ಗದ ರೋಗಗಳೂ ನಮ್ಮಲ್ಲಿವೆ. ಶೃಂಗೇರಿ, ಕೊಪ್ಪ ಭಾಗದ ತೋಟಗಳನ್ನು ದಶಕಗಳಿಂದ ಬರಿದು ಮಾಡುತ್ತಿರುವ ಹಳದಿ ಎಲೆ ರೋಗಕ್ಕೆ ಪೂರ್ಣ ಗುಣ ಮಾಡುವ ಮದ್ದು ಸಿಕ್ಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಹಬ್ಬಿದೆ. ನೂರು ವರ್ಷದ ಹಿಂದೆ ಕೆನಡಾದಿಂದ ಒಬ್ಬರು ಬಂದು ನಮ್ಮ ತೋಟದ ರೋಗ ಹುಡುಕಿಕೊಟ್ಟರು. ಮುಂದಿನದನ್ನು ಹುಡುಕುವವರು ಇದೇ ಮೂರು ತಾಲ್ಲೂಕಿನ ಮಕ್ಕಳು ಏಕಾಗಬಾರದು? ಎಸ್ಸೆಸ್ಸೆಲ್ಸಿ ಮುಗಿದೊಡನೆ "ಸೈನ್ಸ್ ಕಷ್ಟ, ಇಂಗ್ಲಿಷಿನಲ್ಲಿರುತ್ತದೆ, ಹೆಣ್ಣುಮಕ್ಕಳಿಗೇಕೆ" ಎಂದು ನಾವೇ ಬಾಗಿಲು ಹಾಕುತ್ತೇವೆ. ಜಾಬಿರ್, ರಾಝಿ ನಮ್ಮವರು ಎಂದು ವೇದಿಕೆಯಲ್ಲಿ ಹೇಳಿ, ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುತ್ತೇನೆಂದಾಗ ಬೇಡವೆಂದರೆ ಆ ಅಭಿಮಾನಕ್ಕೆ ತೂಕವೇನಿದೆ?

ಪೋಷಕರೇ, ಈ ಸಲ ಔಷಧಿ ಕಲಸುವಾಗ ಮಕ್ಕಳನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿ ತೋರಿಸಿ. ಮೈಲುತುತ್ತ ವಿಷ, ಮುಟ್ಟಲು ಬಿಡಬೇಡಿ. ಚೂರಿ ಏಕೆ ಕೆಂಪಾಯಿತು ಎಂದು ಅವರನ್ನೇ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಮರುದಿನ ಶಾಲೆಗೆ ಬಂದು ಮೇಷ್ಟರನ್ನು ಕೇಳಲಿ. ಓದು ಎಂಬ ಆಜ್ಞೆಯಿಂದ ಪ್ರಾರಂಭವಾದ ದೀನಿನವರು ನಾವು. ನಮ್ಮ ಮಕ್ಕಳಿಗೆ ಕೇಳುವ ಧೈರ್ಯವನ್ನೂ ತೂಗಿ ನೋಡುವ ತಾಳ್ಮೆಯನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.