ಒಡೆದ ನಾಡು ಕೂಡುವ ಬಗೆ

ಐರ್ಲೆಂಡಿನಲ್ಲಿ ವೈದ್ಯರಾಗಿರುವ ನಮ್ಮ ವಿದ್ಯಾರ್ಥಿನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಮಠಕ್ಕೆ ಬಂದಿದ್ದಾಗ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. 1921ರಲ್ಲಿ ಎರಡಾಗಿ ಒಡೆದ ಆ ದ್ವೀಪ ಮತ್ತೆ ಒಂದಾದೀತೆ? ಪ್ರಾಟೆಸ್ಟಂಟರು ಹೆಚ್ಚಾಗಿದ್ದ ಉತ್ತರದ ಆರು ಜಿಲ್ಲೆಗಳು ಅಂದು ಬ್ರಿಟನ್ನಿನೊಡನೆ ಉಳಿದವು. 2021ರ ಜನಗಣತಿಯಲ್ಲಿ ಅಲ್ಲಿಯೂ ಕ್ಯಾಥೊಲಿಕ್ ಹಿನ್ನೆಲೆಯವರು ಶೇಕಡಾ 45.7, ಪ್ರಾಟೆಸ್ಟಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು 43.5. ಲೆಕ್ಕವೇ ತಿರುಗಿರುವಾಗ ಇನ್ನೇಕೆ ತಡ ಎಂಬುದು ಅವರ ಮಾತು. ನಾವು ಉತ್ತರ ಹೇಳದೆ ಅವರನ್ನು ಸೂಳೆಕೆರೆಯ ಏರಿಗೆ ಕರೆದೊಯ್ದೆವು.

ಈ ಹೆಸರನ್ನು ಕೇಳಿ ಮುಖ ತಿರುಗಿಸಿ, ಶಾಂತಿಸಾಗರವೆಂದೇ ಕರೆಯಬೇಕೆನ್ನುವ ಸದ್ಭಕ್ತರುಂಟು. ಅವರು ಇಲ್ಲಿಯ ಜನಪದರ ಹೇಳಿಕೆಯನ್ನೊಮ್ಮೆ ಕೇಳಬೇಕು. ರಾಜಪುತ್ರಿ ಶಾಂತವ್ವೆ ಕೆರೆ ಕಟ್ಟಿಸಲು ಬಯಸಿದ ನೆಲದಲ್ಲಿ ವೇಶ್ಯೆಯರ ಮನೆಗಳಿದ್ದವಂತೆ. ನೆಲವನ್ನು ಬಿಟ್ಟುಕೊಡಲು ಅವರು ಒಪ್ಪಿದರು. ಕೆರೆಗೆ ತಮ್ಮ ಹೆಸರಿರಬೇಕೆಂಬುದೊಂದೇ ಅವರ ಕರಾರು. ಕಥೆ ನಿಜವೋ ಕಲ್ಪನೆಯೋ, ಅದರೊಳಗಿನ ವಿವೇಕ ನಿಜ. ಮನೆ ಬಿಟ್ಟವರಿಗೆ ಹೆಸರು ಉಳಿಯಿತು. ಕಟ್ಟಿಸಿದವಳು ತನ್ನ ಹೆಸರಿಗಾಗಿ ಹಟ ಹಿಡಿಯಲಿಲ್ಲ.

ಈಗ, ವಾಚಕರೇ, ಈ ಏರಿಯಿಂದ ಸುತ್ತಲೂ ನೋಡಿ. ಚನ್ನಗಿರಿ, ಹೊನ್ನಾಳಿಗಳು ಹಿಂದೆ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯದು. ಈ ಕೆರೆಯ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿ 1868ರಲ್ಲಿ ಮುಗಿದ ಸೇತುವೆಯನ್ನು ದಾಟಿದರೆ ಮುಂಬಯಿ ಪ್ರಾಂತ. ಜಗಳೂರಿನಿಂದ ಉತ್ತರಕ್ಕೆ ನಡೆದರೆ ಮದರಾಸು ಪ್ರಾಂತ. ಒಂದೇ ನುಡಿ, ಒಂದೇ ಜೋಳದ ರೊಟ್ಟಿ, ನದಿಯಾಚೆ ಈಚೆ ಬೀಗತನ. ಆದರೂ ಮೂರು ಸರಕಾರ.

ಆಲೂರು ವೆಂಕಟರಾಯರಂಥವರ ದಶಕಗಳ ತಪಸ್ಸು, 1953ರಲ್ಲಿ ಅದರಗುಂಚಿ ಶಂಕರಗೌಡರು ಕೈಕೊಂಡ ಉಪವಾಸ, ಅದೇ ವರ್ಷ ಬಳ್ಳಾರಿಯಲ್ಲಿ ಪ್ರಾಣವಿತ್ತ ರಂಜಾನ್ ಸಾಬರು, ಇವರನ್ನೆಲ್ಲ ನಾವು ರಾಜ್ಯೋತ್ಸವದಂದು ನೆನೆಯುತ್ತೇವೆ. ನೆನೆಯದೆ ಬಿಡುವುದು ಇನ್ನೊಂದಿದೆ. ಏಕೀಕರಣಕ್ಕೆ ದೊಡ್ಡ ಅಡ್ಡಿ ಬಂದುದು ಹೊರಗಿನವರಿಂದಲ್ಲ, ಹಳೆಯ ಮೈಸೂರಿನ ಕನ್ನಡಿಗರಿಂದ. ಕೃಷ್ಣರಾಜಸಾಗರ, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ ಇವನ್ನೆಲ್ಲ ಕಂಡಿದ್ದ ಸಂಸ್ಥಾನದವರಿಗೆ ತಮ್ಮ ಬೊಕ್ಕಸ ಬಡ ಜಿಲ್ಲೆಗಳಿಗೆ ಹರಿದೀತೆಂಬ ಶಂಕೆಯಿತ್ತು. ಅದಕ್ಕಿಂತ ಆಳವಾದ ಭಯವೊಂದಿತ್ತು. ಅದನ್ನು ವೀರಶೈವ ಮಠದ ಪತ್ರಿಕೆಯಲ್ಲಿ ಮುಚ್ಚಿಡುವುದು ತರವಲ್ಲ. ಆ ಭಯ ನಮ್ಮದು. ಉತ್ತರದ ಲಿಂಗಾಯತರು ಕೂಡಿಕೊಂಡರೆ ಒಕ್ಕಲಿಗರೂ ಇತರರೂ ಹಿಂದೆ ಸರಿಯಬೇಕಾದೀತೆಂಬ ಮಾತು ಅಲ್ಲಿ ಬಹಿರಂಗವಾಗಿಯೇ ನಡೆದಿತ್ತು. ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂದವರೂ ಇದ್ದರು.

1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಈ ಭಯವನ್ನು ತಳ್ಳಿಹಾಕದೆ ಎಣಿಸಿ ನೋಡಿತು. ಕೂಡಿದ ನಾಡಿನಲ್ಲಿ ಲಿಂಗಾಯತರು ಶೇಕಡಾ 20ಕ್ಕೆ ಸ್ವಲ್ಪ ಮೇಲೆ, ಒಕ್ಕಲಿಗರು 13ರಿಂದ 14, ಹರಿಜನರು 17ರಿಂದ 18; ಆದ್ದರಿಂದ ಯಾವ ಸಮುದಾಯವೂ ಏಕಾಂಗಿಯಾಗಿ ಆಳಲಾರದು, ಉಳಿದವರು ಒಗ್ಗೂಡಿದರೆ ಯಾರನ್ನಾದರೂ ಅಲ್ಪಸಂಖ್ಯಾತರನ್ನಾಗಿಸಬಹುದು ಎಂಬುದು ಅದರ ತೀರ್ಮಾನ. ಸ್ವತಃ ಒಕ್ಕಲಿಗರಾದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ವಿರೋಧದ ನಡುವೆಯೂ ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ ಅವರ ಅಧಿಕಾರ ಹೋಯಿತು. ನವೆಂಬರ್ 1ರಂದು ಕೂಡಿದ ನಾಡಿಗೆ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಮಹಾರಾಜ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು. ಕರ್ನಾಟಕವೆಂದು ಕರೆಯಲು ಆಯೋಗ ಹೇಳಿದ್ದರೂ ರಾಜ್ಯದ ಹೆಸರು ಮೈಸೂರೆಂದೇ ಉಳಿಯಿತು. ಉತ್ತರದವರಿಗೆ ಇದು ನುಂಗಲಾರದ ತುತ್ತಾಗಿತ್ತು. ಆದರೂ ನುಂಗಿದರು.

ಮುಂದಿನ ಹದಿನೈದು ವರ್ಷ ನಿಜಲಿಂಗಪ್ಪ, ಜತ್ತಿ, ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ. ಎಲ್ಲರೂ ನಮ್ಮ ಸಮಾಜದವರೇ. ಇವರ ಯೋಗ್ಯತೆಯ ಮಾತಲ್ಲ ಇದು. ಮೈಸೂರಿನ ಕಡೆಯವನೊಬ್ಬ ಈ ಪಟ್ಟಿಯನ್ನು ಓದಿ, ನಾವು ಅಂಜಿದ್ದು ಸುಳ್ಳಾಯಿತೇ ಎಂದು ಕೇಳಿದ್ದರೆ ಹಿರಿಯರಲ್ಲಿ ಉತ್ತರವಿರಲಿಲ್ಲ. ಹಿಗ್ಗಿದ ಮಠಗಳಲ್ಲಿ ನಮ್ಮದೂ ಒಂದು. 1972ರಲ್ಲಿ ಉಳಿದವರನ್ನು ಕೂಡಿಸಿಕೊಂಡು ದೇವರಾಜ ಅರಸರು ಬಂದರು. ಆಯೋಗದ ಎಣಿಕೆ ಕಣ್ಣೆದುರು ನಡೆಯಿತು. ಹಾವನೂರು ಆಯೋಗ 1975ರಲ್ಲಿ ನಮ್ಮನ್ನು ಹಿಂದುಳಿದವರ ಪಟ್ಟಿಯಿಂದ ಬಿಟ್ಟಾಗ ನಮ್ಮವರು ಸಿಡಿಮಿಡಿಗೊಂಡರು. ಆದರೆ ನಾಡು ಒಡೆಯಲಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಬಹುಕಾಲ ಯೋಚನೆಗೆ ಹಚ್ಚಿದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು, ಅದೇ ಅರಸರ ಕಾಲದಲ್ಲಿ. ಅವರು ಮೈಸೂರು ಸೀಮೆಯ ಹುಣಸೂರಿನವರು. ಉತ್ತರದ ಮುಖ್ಯಮಂತ್ರಿಯೊಬ್ಬರು ಇದನ್ನು ಮಾಡಿದ್ದರೆ ಕಿತ್ತುಕೊಂಡಂತೆ ಕಾಣುತ್ತಿತ್ತು. ಹದಿನೇಳು ವರ್ಷ ಕಾದ ಮೇಲೆ, ಯಾರ ಹೆಸರೋ ಅವರ ಕೈಯಿಂದಲೇ ಅದು ಬಂತು.

ಎಲ್ಲವೂ ಕೂಡಿತೆಂದಲ್ಲ. ಚಂದ್ರಗಿರಿಯ ಉತ್ತರದ ಕಾಸರಗೋಡು ನಮಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಕೇರಳದಲ್ಲೇ ಇದೆ. ಒಳಗೂ ನೋವುಂಟು. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 26 ಉತ್ತರದವು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದಿದ್ದ ಹರಪನಹಳ್ಳಿ 371(ಜೆ) ವಿಧಿಯ ಸೌಲಭ್ಯಕ್ಕಾಗಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯನ್ನು ಸೇರಿದೆ. ನಿಜಲಿಂಗಪ್ಪನವರ ಹಲುವಾಗಲು ಇರುವುದು ಆ ತಾಲೂಕಿನಲ್ಲೇ.

ಏರಿಯ ಮೇಲೆ ವೈದ್ಯರಿಗೆ ಇಷ್ಟನ್ನೂ ಹೇಳಿ ಅವರ ಪ್ರಶ್ನೆಗೆ ಮರಳಿದೆವು. 1998ರ ಬೆಲ್‌ಫಾಸ್ಟ್ ಒಪ್ಪಂದದಂತೆ ಉತ್ತರದ ಬಹುಮತ ಒಪ್ಪಿದರಲ್ಲದೆ ಐರ್ಲೆಂಡ್ ಕೂಡಲಾರದು. ನೂರಕ್ಕೆ ಐವತ್ತೊಂದು ಮತ ಬಂದೀತು. ಉಳಿದ ನಲವತ್ತೊಂಬತ್ತು ಜನ ಆ ಮರುದಿನವೂ ಅಲ್ಲಿಯೇ ಇರುತ್ತಾರೆ. 2004ರಲ್ಲಿ ಸೈಪ್ರಸ್ ದ್ವೀಪದಲ್ಲಿ ಮತ ಕೇಳಿದಾಗ ಸಂಖ್ಯೆಯಲ್ಲಿ ಕಡಿಮೆಯಾದ ತುರ್ಕರು ಶೇಕಡಾ 65ರಷ್ಟು ಒಪ್ಪಿದರು. ಹೆಚ್ಚಿನವರಾದ ಗ್ರೀಕರೇ ಶೇಕಡಾ 76ರಷ್ಟು ಬೇಡವೆಂದರು. ಕಡಿಮೆಯವರ ಭಯಕ್ಕಾಗಿ ತಾವು ಬಿಡಬೇಕಾದುದು ಅವರಿಗೆ ಹೆಚ್ಚೆನಿಸಿತ್ತು.

ಹಾಗಾದರೆ ಐರ್ಲೆಂಡಿನಲ್ಲಿ ಯಾರ ಹೆಸರು ಉಳಿಯಬೇಕು, ಬಾವುಟವೋ, ನಾಡಗೀತೆಯೋ, ಎಂದು ಅವರು ಕೇಳಿದರು. ಅದನ್ನು ಡಬ್ಲಿನ್ನಿನವರು ಬೆಲ್‌ಫಾಸ್ಟಿನವರ ಮನೆಗೆ ಹೋಗಿ ಕೇಳಿದ್ದಾರೆಯೇ ಎಂದೆವು. ಮರಳಿದ ಮೇಲೆ ವಿಚಾರಿಸಿ ಬರೆಯುವುದಾಗಿ ಹೇಳಿ ಹೋಗಿದ್ದಾರೆ.