ಸಾರಾಯಿ ಅಂಗಡಿ ಹೋಯಿತು, ಕುಡಿತ ಉಳಿಯಿತು

2007ರ ಜುಲೈ 1, ಭಾನುವಾರ. ಅಂದಿನಿಂದ ರಾಜ್ಯದಲ್ಲಿ ಸಾರಾಯಿ ಬಂದ್. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಹಣಕಾಸು ಖಾತೆ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಕೈಲಿತ್ತು. ಆ ವರ್ಷದ ಬಜೆಟ್‌ನಲ್ಲೇ ಅವರು ನಿಷೇಧ ಘೋಷಿಸಿದ್ದರು.

ಮೂವತ್ತು ದಾಟಿದವರಿಗೆ ಆ ಅಂಗಡಿ ನೆನಪಿರುತ್ತದೆ. ಊರಾಚೆ ಶೀಟಿನ ಶೆಡ್ಡು, ಎರಡು ಬೆಂಚು, ಪಕ್ಕದಲ್ಲಿ ಬೋಟಿ, ಬೇಯಿಸಿದ ಮೊಟ್ಟೆ ಮಾರುವ ಗಾಡಿ. ಮಗ್ಗದವರು, ಇಟ್ಟಿಗೆ ಗೂಡಿನವರು, ತೋಟದ ಆಳುಗಳು ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಚ್ಚಿ ಕುಡಿಯುತ್ತಿದ್ದರು. ನಾಳೆ ಎಲ್ಲಿ ಕೂಲಿ ಇದೆ, ಯಾರ ಮನೆಯಲ್ಲಿ ಸಾವಾಗಿದೆ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ದೊಡ್ಡವರ ಜಗಲಿ ಮುಂದೆ ನಿಂತೇ ಮಾತಾಡಬೇಕಿದ್ದವನು ಇಲ್ಲಿ ಕೂತು ಮಾತಾಡುತ್ತಿದ್ದ. ಅಂಗಡಿ ಮುಚ್ಚಿದಾಗ ಅಂಥವರು ಮರುಗಿದ್ದು ಬರೀ ಅಮಲಿಗಾಗಿ ಅಲ್ಲ.

ಆದರೆ ಅದೇ ಬೆಂಚಿನ ಮೇಲೆ ವಾರದ ಬಟವಾಡೆಯೂ ಕರಗುತ್ತಿತ್ತು. ಮನೆಯಲ್ಲಿ ಒಲೆ ಹೊತ್ತಿಸಲು ಕಾದವಳು ಹೆಂಡತಿ. ಅಂಗಡಿ ಮುಚ್ಚಿ ಎಂದು ಊರೂರಲ್ಲಿ ಬೀದಿಗಿಳಿದವರೂ ಹೆಂಗಸರೇ. ಹೆಂಡ ಬೇಡ, ವಸತಿ ಶಾಲೆ ಕೊಡಿ ಎಂದು ದಲಿತ ಸಂಘರ್ಷ ಸಮಿತಿ ಎಂದೋ ಕೇಳಿತ್ತು. ಮುಚ್ಚಿದ್ದು ತಪ್ಪಲ್ಲ.

ಎಡವಿದ್ದು ಆಮೇಲೆ. ನಿಂತದ್ದು ಸಾರಾಯಿ ಮಾತ್ರ. ಬ್ರಾಂದಿ, ವಿಸ್ಕಿ, ರಮ್ ನಿಲ್ಲಲಿಲ್ಲ. ಅವು ಸಾರಾಯಿಗಿಂತ ದುಬಾರಿ. ಕಾಸಿಲ್ಲದವರು ಕಳ್ಳಬಟ್ಟಿ ಹುಡುಕಿಕೊಂಡು ಹೋದರು. ವರ್ಷ ತುಂಬುವ ಮೊದಲೇ, 2008ರ ಮೇನಲ್ಲಿ, ಬೆಂಗಳೂರು, ಆನೇಕಲ್, ನಮ್ಮ ಹೊಸಕೋಟೆ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ವಿಷ ಬೆರೆತ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಕೂಲಿಕಾರರು. ಸಾರಾಯಿ ಅಂಗಡಿ ಇದ್ದ ಕಾಲದಲ್ಲೂ, 1981ರಲ್ಲಿ, ಬೆಂಗಳೂರಲ್ಲಿ ಇಂಥದ್ದೇ ದುರಂತ 300ಕ್ಕೂ ಹೆಚ್ಚು ಜನರನ್ನು ನುಂಗಿತ್ತು. ಎರಡು ಸಲವೂ ಸತ್ತವರು ಅಗ್ಗದ್ದನ್ನೇ ಕುಡಿಯಬೇಕಾದವರು.

ಈಗ ಚಿಲ್ಲರೆ ಅಂಗಡಿಯಲ್ಲೂ ಕದ್ದುಮುಚ್ಚಿ ನೈಂಟಿ ಟೆಟ್ರಾ ಪ್ಯಾಕ್ ಸಿಗುತ್ತದೆ. ಕೆರೆ ಏರಿ ಮೇಲೆ, ಹುಣಸೆ ಮರದಡಿ, ಶಾಲೆಯ ಹಿಂದೆ ಖಾಲಿ ಡಬ್ಬಿಗಳು ಬಿದ್ದಿರುತ್ತವೆ. ಕುಡಿಯುವವನು ಒಬ್ಬನೇ ಕೂತು ಕುಡಿಯುತ್ತಾನೆ. “ಸಾಕು, ಏಳಪ್ಪ, ಮನೆಗೆ ಹೋಗು” ಎನ್ನುವವರೂ ಪಕ್ಕದಲ್ಲಿಲ್ಲ. ಮನೆಯವಳ ಕಾಯುವಿಕೆಯೂ ಮುಗಿದಿಲ್ಲ.

ಸಾರಾಯಿ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆ ಬೆಂಚು ಹೋದದ್ದಕ್ಕಿದೆ. ದಿನವಿಡೀ ದುಡಿದು ಬಂದವನು ಕುಡಿಯದೆ, ಯಾರಿಗೂ ತಲೆಬಾಗದೆ, ನಾಲ್ಕು ಜನರೊಂದಿಗೆ ಕೂರುವ ಜಾಗ ನಿಮ್ಮೂರಲ್ಲಿ ಎಲ್ಲಿದೆ?